ಪಕ್ಕದ ಸೀಟಿನ ಕೆಳಗಿನ ಹದಿನೇಳು ಅಕ್ಷರ

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಫಿರ್ಯಾದುದಾರರನ್ನು ಕಂಡು ಇನ್‌ಸ್ಪೆಕ್ಟರ್ ದಡಬಡಿಸಿ ಎದ್ದು ನಿಂತಳು. ಎದ್ದದ್ದು ಅವಳೊಬ್ಬಳೇ ಅಲ್ಲ. ದಫೇದಾರ ಎದ್ದ, ರೈಟರ್ ಎದ್ದ, ಜೀಪಿನ ಡ್ರೈವರಂತೂ ಬಾಯಲ್ಲಿದ್ದ ಚಹಾ ಗುಟುಕ್ಕನೆ ನುಂಗಿ ಸೆಟೆದು ನಿಂತ. ಬಂದವರು ಡ್ರೈವಿಂಗ್ ಸ್ಕೂಲಿನ ಟೀಚರ್. ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಬೈಗುಳ ತಿಂದೇ ಲೈಸೆನ್ಸ್ ಪಡೆದವರು.

"ಏನಮ್ಮಾ, ಇನ್ನೂ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯಾ?"

"ಇಲ್ಲ ಟೀಚರ್," ಎಂದಳು ಇನ್‌ಸ್ಪೆಕ್ಟರ್.

"ಸುಳ್ಳು. ನಿನ್ನ ಜೀಪಿನ ಗೋಳು ನಮ್ಮನೇವರೆಗೂ ಕೇಳತ್ತೆ. ಇರಲಿ, ಬರ್ಕೊ. ನನ್ನ ಕಾರು ಕಳುವಾಗಿದೆ. ರಾತ್ರಿ ಮನೆ ಮುಂದೆ ನಿಲ್ಲಿಸಿದ್ದು, ಬೆಳಿಗ್ಗೆ ಎದ್ದು ನೋಡಿದ್ರೆ ಇಲ್ಲ."

ಆ ಕಾರನ್ನು ಕಾಣದವರು ಊರಲ್ಲಿ ಯಾರೂ ಇರಲಿಲ್ಲ. ಕೆಂಪು ಬಣ್ಣದ, ಎರಡೇ ಸೀಟಿನ, ಬಟ್ಟೆಯ ಟಾಪು ಮಡಚುವ ಸ್ಪೋರ್ಟ್ಸ್ ಕಾರು. ಟೀಚರ್ ಜೀವಮಾನವೆಲ್ಲ ಪಕ್ಕದ ಸೀಟಿನಲ್ಲಿ, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು, ಜೀವ ಕೈಯಲ್ಲಿ ಹಿಡಿದು ಕೂತವರು. ಸ್ಕೂಲು ಮುಚ್ಚಿದ ದಿನವೇ ಈ ಕಾರು ಕೊಂಡು, ಇನ್ನು ಸಾಯುವವರೆಗೆ ಯಾರ ಪಕ್ಕದ ಸೀಟಿನಲ್ಲೂ ಕೂರುವುದಿಲ್ಲ ಎಂದು ಊರಿಗೆಲ್ಲ ಸಾರಿದ್ದರು.

"ಮುಂದಿನ ಭಾನುವಾರ ನಮ್ಮಕ್ಕನಿಗೆ ಎಂಬತ್ತು ತುಂಬತ್ತೆ. ಟಾಪು ಮಡಚಿ ಬೆಟ್ಟದ ರಸ್ತೇಲಿ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೀನಿ. ತಲೆಗೆ ಕಟ್ಕೊಳ್ಳೋಕೆ ಅವಳು ಸ್ಕಾರ್ಫ್ ತಗೊಂಡು ಕನ್ನಡಿ ಮುಂದೆ ಕೂತಿದ್ದಾಳೆ. ಕಾರಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಅವರ ದನಿ ಮೊದಲ ಸಲ ಸಣ್ಣಗಾಯಿತು.

"ಕೀ ಯಾರ ಹತ್ರ ಇತ್ತು?"

"ನನ್ನ ಹತ್ರ."

"ಬೇರೆ ಯಾರಿಗಾದ್ರೂ ಕೊಟ್ಟಿದ್ರಾ?"

"ಬಾಗಿಲಿಗೆ ಗೀರು ಬಿದ್ದಿತ್ತು ಅಂತ ಹೋದ ವಾರ ಒಂದು ದಿನ ಟಿಂಕರಿಂಗ್ ಶೆಡ್ಡಿಗೆ ಬಿಟ್ಟಿದ್ದೆ. ನಮ್ಮ 'ಮುಂದಿನ ತಿಂಗಳು' ಮೇಸ್ತ್ರಿ ಹತ್ರ."

ಹೆಸರು ಕೇಳುತ್ತಲೇ ರೈಟರ್ ಕಿಸಕ್ಕೆಂದ. ಮೇಸ್ತ್ರಿಯ ಶೆಡ್ಡಿನಲ್ಲಿ ಅದೇ ಕಂಪನಿಯ, ಅದೇ ಮೈಕಟ್ಟಿನ ಒಂದು ಹಳೇ ಸ್ಪೋರ್ಟ್ಸ್ ಕಾರು ತುಕ್ಕು ತಿನ್ನುತ್ತ ಬಿದ್ದಿತ್ತು. ಗುಜರಿಯಿಂದ ತಂದ ದಿನದಿಂದ, ಯಾವಾಗ ರಸ್ತೆಗಿಳಿಯುತ್ತದೆ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: ಮುಂದಿನ ತಿಂಗಳು. ಹನ್ನೆರಡು ವರ್ಷದಲ್ಲಿ ಅವನ ನಿಜವಾದ ಹೆಸರು ಜನರ ಬಾಯಲ್ಲಿ ಸುಳಿಯುವುದೇ ನಿಂತುಹೋಗಿತ್ತು.

ಎಫ್‌ಐಆರ್ ದಾಖಲಾಯಿತು. ದಫೇದಾರ ಅಂದೇ ಶೆಡ್ಡಿಗೆ ಹೋಗಿ ಬಂದ.

"ಕೀ ಅವತ್ತೇ ವಾಪಸ್ ಕೊಟ್ಟೆ ಅಂತಾನೆ ಮೇಡಂ. ಟಾರ್ಪಾಲಿನ ಹಿಂದೆ ತನ್ನ ಡಬ್ಬಾಗೆ ಬಣ್ಣ ಹೊಡೀತಿದ್ದಾನೆ, ಪಾಪ."

"ಟಾರ್ಪಾಲು ಸರಿಸಿ ನೋಡಿದ್ರಾ?"

"ಅದರಲ್ಲಿ ನೋಡೋದೇನಿದೆ ಮೇಡಂ? ಹನ್ನೆರಡು ವರ್ಷದಿಂದ ನೋಡ್ತಾನೇ ಇದ್ದೀವಲ್ಲ!"

ಇನ್‌ಸ್ಪೆಕ್ಟರ್ ಕೂಡ ನಕ್ಕು ಸುಮ್ಮನಾದಳು. ಮುಂದಿನ ನಾಲ್ಕು ದಿನ ಹೆದ್ದಾರಿಯ ಕ್ಯಾಮೆರಾ, ಪಕ್ಕದ ಊರಿನ ಗುಜರಿ ಅಂಗಡಿಗಳು, ಲಾರಿ ನಿಲ್ದಾಣ ಎಲ್ಲ ಜಾಲಾಡಿದ್ದಾಯಿತು. ಕಾರು ಊರು ಬಿಟ್ಟ ಸುಳಿವೇ ಇಲ್ಲ. ಟೀಚರ್ ದಿನಾ ಸಂಜೆ ಫೋನ್ ಮಾಡಿ, ಏನೂ ಕೇಳದೆ, ಊಟ ಆಯ್ತಾ ಎಂದಷ್ಟೇ ವಿಚಾರಿಸುತ್ತಿದ್ದರು. ಬೈದಿದ್ದರೇ ವಾಸಿಯಿತ್ತು ಎನಿಸುತ್ತಿತ್ತು ಅವಳಿಗೆ.

ಗುರುವಾರ ಬೆಳಿಗ್ಗೆ ದಫೇದಾರ ಓಡುತ್ತ ಬಂದ. "ಮೇಡಂ, ಮುಂದಿನ ತಿಂಗಳು ಬಂದೇ ಬಿಡ್ತು! ನಿನ್ನೆ ಸಂಜೆ ಮೇಸ್ತ್ರಿ ಕಾರು ರಸ್ತೆಗಿಳೀತು!"

ಇನ್‌ಸ್ಪೆಕ್ಟರ್ ಹೋದದ್ದು ಅಭಿನಂದಿಸಲೆಂದೇ. ಶೆಡ್ಡಿನ ಮುಂದೆ ನೀಲಿ ಬಣ್ಣದ ಕಾರು ಫಳಫಳ ಹೊಳೆಯುತ್ತಿತ್ತು. ಬೀದಿಯೇ ಸುತ್ತ ನೆರೆದಿತ್ತು. ದರ್ಜಿ ಮೇಸ್ತ್ರಿಯ ಬೆನ್ನು ತಟ್ಟುತ್ತಿದ್ದ, ಹಾಲಿನಂಗಡಿಯ ಅಜ್ಜಿ ಬಾನೆಟ್ ಸವರುತ್ತಿದ್ದಳು. ಮೇಸ್ತ್ರಿಯ ಮುಖ ಮೊರದಗಲ ಅರಳಿತ್ತು. ಇನ್‌ಸ್ಪೆಕ್ಟರಿಗೂ ನಿಜಕ್ಕೂ ಖುಷಿಯಾಯಿತು. ಬಂದವಳು ಬರಿಗೈಲಿ ಯಾಕೆ ಹೋಗಲಿ ಎಂದು, ಗಾಜಿನ ಕೆಳಗಿನ ತಗಡಿನ ಮೇಲಿದ್ದ ಚಾಸಿ ನಂಬರನ್ನು ರೂಢಿಯಂತೆ ಬರೆದುಕೊಂಡಳು. ಮೇಸ್ತ್ರಿಯ ಆರ್‌ಸಿಗೂ ಅದಕ್ಕೂ ತಾಳೆಯಾಯಿತು. ಎಂಜಿನ್ ಮೇಲಿನ ನಂಬರ್ ಮಾತ್ರ ಇರಲಿಲ್ಲ. ತುಕ್ಕು ಉಜ್ಜುವಾಗ ಅಳಿಸಿಹೋಯಿತು ಎಂದ ಮೇಸ್ತ್ರಿ.

ಆ ಅಳಿಸಿದ ನಂಬರ್ ಮನಸ್ಸು ಕೊರೆಯುತ್ತಿತ್ತು; ಠಾಣೆಗೆ ಬಂದು ಕಾರಿನ ಕಂಪನಿಗೆ ಫೋನ್ ಹಚ್ಚಿ ಚಾಸಿ ನಂಬರ್ ಓದಿ ಹೇಳಿದಳು. ಅಲ್ಲಿನ ಎಂಜಿನಿಯರ್ ಹರಟೆಮಲ್ಲ.

"ಹದಿನೇಳು ಅಕ್ಷರ ಇದೆಯಲ್ಲ ಮೇಡಂ, ಅದು ಕಾರಿನ ಪೂರ್ತಿ ಜಾತಕ. ಮೊದಲ ಮೂರು ನಮ್ಮ ಕಂಪನಿ. ಹತ್ತನೇದು ವರ್ಷ, ಹನ್ನೊಂದನೇದು ಯಾವ ಕಾರ್ಖಾನೇಲಿ ಹುಟ್ಟಿದ್ದು ಅಂತ. ಕೊನೇ ಆರು ಅದರ ಸರದಿ ನಂಬರು."

"ಒಂಬತ್ತನೇದು?"

"ಅದು ಕಾವಲುಗಾರ. ಉಳಿದ ಹದಿನಾರನ್ನೂ ಒಂದು ಲೆಕ್ಕದಲ್ಲಿ ಗುಣಿಸಿ ಕೂಡಿದ್ರೆ ಅದೇ ಬರ್ಬೇಕು. ಮನಸ್ಸಿಗೆ ಬಂದ ನಂಬರ್ ಕೆತ್ತಿದ್ರೆ ಅಲ್ಲೇ ಸಿಕ್ಕಿಬೀಳ್ತಾರೆ. ನಿಮ್ಮದು ಸರಿಯಾಗಿದೆ, ನಂಬರ್ ಅಸಲಿ."

ಇನ್‌ಸ್ಪೆಕ್ಟರ್ ನಿಟ್ಟುಸಿರಿಟ್ಟಳು. ಸಮಾಧಾನವೋ ನಿರಾಸೆಯೋ ಅವಳಿಗೇ ತಿಳಿಯಲಿಲ್ಲ.

"ನಡುವಿನ ಅಕ್ಷರಗಳು ಕಾರಿನ ರೂಪ ಹೇಳ್ತವೆ," ಎಂದು ಅವನು ಮುಂದುವರಿಸಿದ. "ಇದು ಗಟ್ಟಿ ಛಾವಣಿ, ಆಟೋಮ್ಯಾಟಿಕ್ ಗೇರು."

"ಏನಂದ್ರಿ?"

"ಆಟೋಮ್ಯಾಟಿಕ್ ಮೇಡಂ. ಕ್ಲಚ್ಚೇ ಇರಲ್ಲ."

ಕ್ಲಚ್ಚಿನ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಬೆಳಿಗ್ಗೆ ನೀಲಿ ಕಾರಿನ ಬಾಗಿಲಿನಿಂದ ಇಣುಕಿದಾಗ ಅವಳ ಕಣ್ಣು ಮೊದಲು ಹೋದದ್ದೇ ಆ ಮೂರನೇ ಪೆಡಲಿನ ಮೇಲೆ.

"ಈ ನಂಬರ್ ಕಾರಿನಲ್ಲಿ ಇನ್ನೆಲ್ಲಾದ್ರೂ ಇರತ್ತಾ?"

"ಪಕ್ಕದ ಸೀಟಿನ ಕೆಳಗೆ, ಕಾರ್ಪೆಟ್ ಎತ್ತಿದ್ರೆ ನೆಲದ ಉಕ್ಕಿನಲ್ಲೇ ಒತ್ತಿರ್ತೀವಿ."

ಮಧ್ಯಾಹ್ನ ಎರಡು ಗಂಟೆಗೆ ಅವಳು ಮತ್ತೆ ಶೆಡ್ಡಿಗೆ ಹೋದಳು. ದರ್ಜಿಯನ್ನೂ ಹಾಲಿನಂಗಡಿಯ ಅಜ್ಜಿಯನ್ನೂ ಪಂಚರನ್ನಾಗಿ ಕರೆಸಿಕೊಂಡಳು.

"ಮೇಸ್ತ್ರಿ, ನಿಮ್ಮ ಕಾರಿಗೆ ಗಟ್ಟಿ ಛಾವಣಿ ಇತ್ತಲ್ವಾ?"

"ನಾನೇ ಕತ್ತರಿಸಿ ಬಟ್ಟೆ ಟಾಪು ಕೂರಿಸಿದೆ ಮೇಡಂ."

"ಆಟೋಮ್ಯಾಟಿಕ್ ಗೇರು?"

"ಅದನ್ನೂ ನಾನೇ ಬದಲಾಯಿಸಿದೆ."

"ಭಾರಿ ಕೈ ನಿಮ್ಮದು. ಪಕ್ಕದ ಸೀಟು ಬಿಚ್ಚಿ."

ಮೇಸ್ತ್ರಿ ಸ್ಪ್ಯಾನರ್ ತಂದ. ಅವನ ಮುಖದಲ್ಲಿ ಅಳುಕಿಲ್ಲದ್ದು ಕಂಡು ಅವಳಿಗೇ ಅನುಮಾನ ಬಂತು. ಸೀಟು ಎತ್ತಿದ, ಕಾರ್ಪೆಟ್ ಸರಿಸಿದ, ಹಾಗೇ ಕುಕ್ಕರಿಸಿದ. ನೆಲದ ಉಕ್ಕಿನಲ್ಲಿ ಹದಿನೇಳು ಅಕ್ಷರಗಳು ಒತ್ತಿ ಕೂತಿದ್ದವು. ದಫೇದಾರ ಒಂದೊಂದಾಗಿ ಓದಿದ, ಇನ್‌ಸ್ಪೆಕ್ಟರ್ ಟೀಚರ್ ಆರ್‌ಸಿಯ ಪ್ರತಿಯಲ್ಲಿ ಒಂದೊಂದಕ್ಕೇ ಗುರುತು ಹಾಕಿದಳು. ಹದಿನೇಳಕ್ಕೆ ಹದಿನೇಳೂ ಕೂಡಿಬಂದಾಗ ಅವಳಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಮೈಮೇಲೆ ಯೂನಿಫಾರಂ ಇದ್ದುದರಿಂದ ಕುಣಿಯಲಿಲ್ಲ.

"ಇಲ್ಲಿ ನಂಬರ್ ಇರತ್ತೆ ಅಂತ ಗೊತ್ತಿರ್ಲಿಲ್ವಾ ಮೇಸ್ತ್ರಿ?"

"ನನ್ನ ಕಾರಲ್ಲಿ ಆ ಜಾಗವೇ ಇಲ್ಲ ಮೇಡಂ," ಎಂದ ಮೇಸ್ತ್ರಿ. "ತರುವಾಗಲೇ ಅಷ್ಟನ್ನೂ ತುಕ್ಕು ತಿಂದಿತ್ತು. ಉಳಿದ ಒಂದೊಂದು ನಟ್ಟೂ ನಂಗೆ ಬಾಯಿಪಾಠ."

ಅವನ ಸ್ವಂತ ಕಾರು ಶೆಡ್ಡಿನ ಹಿಂದೆ, ಖಾಲಿ ಪೇಂಟ್ ಡಬ್ಬಿಗಳ ಮರೆಯಲ್ಲಿ, ಗೋಣಿಚೀಲ ಹೊದ್ದು ನಿಂತಿತ್ತು. ಗಾಜಿನ ಕೆಳಗೆ ತಗಡು ಕಿತ್ತ ಗುರುತಾಗಿ ಎರಡು ತೂತುಗಳಿದ್ದವು. ಅದನ್ನೂ ಸೇರಿಸಿ ಪಂಚನಾಮೆ ಬರೆದು, ಸಂಜೆ ನಾಲ್ಕೂವರೆಗೆ ಮೇಸ್ತ್ರಿಯನ್ನು ದಸ್ತಗಿರಿ ಮಾಡಲಾಯಿತು. ಕೀಯ ನಕಲು ಮಾಡಿಕೊಂಡದ್ದನ್ನು ಅವನೇ ಒಪ್ಪಿಕೊಂಡ.

"ನಿಮ್ಮ ಹಳೇ ಕಾರನ್ನ ಗುಜರಿಗೆ ಹಾಕಿದ್ರೆ ಸಾಕ್ಷಿನೇ ಇರ್ತಿರ್ಲಿಲ್ಲ. ಯಾಕೆ ಹಾಕ್ಲಿಲ್ಲ?"

"ಮನಸ್ಸು ಬರ್ಲಿಲ್ಲ ಮೇಡಂ."

"ಮತ್ತೆ ಟೀಚರ್ ಕಾರಿಗೆ ಕೈ ಹಾಕಿದ್ದು ಯಾಕೆ?"

ಮೇಸ್ತ್ರಿ ಅಂಗೈಯ ನೀಲಿ ಬಣ್ಣ ತಿಕ್ಕಿಕೊಂಡ.

"ಹದಿನೈದು ದಿನದ ಹಿಂದೆ ಬ್ಯಾಂಕಿನಲ್ಲಿ ಟೋಕನ್ ಕೊಡೋ ಹುಡುಗಿ ನನ್ನ ಹೆಸರು ಕೂಗಿದ್ಲು. ನಿಜವಾದ ಹೆಸರು. ಯಾರನ್ನೋ ಕರೀತಿದ್ದಾಳೆ ಅಂತ ನಾನು ಕೂತೇ ಇದ್ದೆ. ಅವತ್ತು ತಲೆ ಕೆಟ್ಟುಹೋಯ್ತು. ನಿನ್ನೆ ಕಾರು ಹೊರಗೆ ತಂದಾಗ ಇಡೀ ಬೀದಿ ನನ್ನ ಹೆಸರು ಹಿಡಿದು ಕೂಗ್ತು ಮೇಡಂ. ಇವತ್ತು ನೀವು ಬರೋವರೆಗೂ ಹಾಗೇ ಕರೀತಿದ್ರು."

ರೈಟರ್ ಹೇಳಿಕೆ ಬರೆದುಕೊಂಡ. ಈ ಸಲ ಅವನು ನಗಲಿಲ್ಲ.

ಶನಿವಾರ ನ್ಯಾಯಾಲಯ ಕಾರನ್ನು ಟೀಚರ್ ವಶಕ್ಕೆ ಕೊಟ್ಟು, ಮೇಸ್ತ್ರಿಗೆ ಜಾಮೀನು ನೀಡಿ, ವಿಚಾರಣೆಯನ್ನು ಮುಂದಿನ ತಿಂಗಳಿಗೆ ಮುಂದೂಡಿತು. ಆ ಮಾತಿಗೆ ಮೊದಲು ನಕ್ಕವನು ಮೇಸ್ತ್ರಿಯೇ. ಆಮೇಲೆ ದಫೇದಾರನಿಗೂ ತಡೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹಳೇ ಕಾರಿನ ಫೋಟೊ ತೆಗೆಸಲು ಇನ್‌ಸ್ಪೆಕ್ಟರ್ ಶೆಡ್ಡಿಗೆ ಹೋಗಿದ್ದಾಗ, ಟಾಪು ಮಡಚಿದ ನೀಲಿ ಕಾರು ಬಂದು ಬಾಗಿಲಲ್ಲಿ ನಿಂತಿತು. ಪಕ್ಕದ ಸೀಟಿನಲ್ಲಿ ಸ್ಕಾರ್ಫ್ ಕಟ್ಟಿದ ಅಕ್ಕ, ಎಂಬತ್ತರ ಸುಳಿವೇ ಇಲ್ಲದಂತೆ ಹಲ್ಲು ಬಿಡುತ್ತಿದ್ದರು.

"ನೀಲೀನೇ ಚೆನ್ನಾಗಿದೆ ಕಣೇ, ಹೀಗೇ ಇರ್ಲಿ ಬಿಡು," ಎಂದರು ಅಕ್ಕ.

ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದ. ಟೀಚರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೈಯಬೇಕಾದ್ದನ್ನೆಲ್ಲ ಬೈದರು. ಬೈದು ಮುಗಿದ ಮೇಲೆ ಶೆಡ್ಡಿನ ಹಿಂದೆ ಗೋಣಿಚೀಲ ಹೊದ್ದ ಹಳೇ ಕಾರಿನ ಕಡೆ ಕೈ ತೋರಿಸಿದರು. ಅವನ ನಿಜವಾದ ಹೆಸರು ಹಿಡಿದು ಕರೆದರು. ಊರಲ್ಲಿ ಎಲ್ಲರ ಲೈಸೆನ್ಸಿನ ಹೆಸರೂ ಅವರಿಗೆ ನೆನಪಿತ್ತು.

"ನಿನ್ನ ಕಾರು ನಿಜವಾಗಿ ರಸ್ತೆಗಿಳಿದ ದಿನ ನಂಗೆ ಹೇಳಿ ಕಳಿಸು. ಪಕ್ಕದ ಸೀಟಲ್ಲಿ ನಾನು ಕೂತ್ಕೋತೀನಿ."