ಖಂಡೇಪೂಜೆಯ ವಾರದ ಸೀಸೆ

ಪ್ರಯೋಗಾಲಯದ ಸಹಾಯಕ ಯಮನೂರ, ಗಾಜಿನ ಪಟ್ಟಿಯೊಂದನ್ನು ಯಂತ್ರದೊಳಗೆ ತಳ್ಳಿದ. ಅದರ ಮೇಲೆ ಅಂಟಿದ್ದದ್ದು ಈರುಳ್ಳಿ ಪೊರೆಗಿಂತ ತೆಳುವಾದ ಒಂದು ಚೂರು, ಗದುಗಿನ ಬಡಗಿ ಮೌನೇಶಪ್ಪನ ಪ್ರಾಸ್ಟೇಟ್ ಗ್ರಂಥಿಯದು. ಗಂಡಸರ ಮೂತ್ರಕೋಶದ ಕೆಳಗಿರುವ ಈ ಸಣ್ಣ ಗ್ರಂಥಿಯಲ್ಲಿ ಹುಟ್ಟುವ ಕ್ಯಾನ್ಸರ್ ಕೆಲವರಲ್ಲಿ ಕೊನೆಯ ತನಕ ಹುಟ್ಟಿದಲ್ಲೇ ಇರುತ್ತದೆ, ಕೆಲವರಲ್ಲಿ ಎಲುಬಿಗೆ ಹರಡುತ್ತದೆ. ಯಾವುದು ಹರಡೀತೆಂದು ಮೊದಲೇ ಹೇಳುವುದು ‘ಸುಳಿವು’ ಎಂಬ ಈ ಯಂತ್ರದ ಕೆಲಸ. ಹುಟ್ಟಿದಲ್ಲಿಂದ ಹೊರಡಲು ಸಿದ್ಧವಾದ ಕ್ಯಾನ್ಸರ್ ಜೀವಕೋಶ ಏಳು ಬಗೆಯ ಪ್ರೋಟೀನುಗಳನ್ನು ಅತಿಯಾಗಿ ತಯಾರಿಸುತ್ತದೆ. ಚೂರಿಗೆ ಬಣ್ಣ ಹಾಕಿ, ಅವು ಎಷ್ಟು ಬಣ್ಣ ಹಿಡಿದವೆಂದು ಅಳೆದು ಯಂತ್ರ ತೀರ್ಪು ಕೊಡುತ್ತದೆ. ನಲವತ್ತು ಸೆಕೆಂಡಿನಲ್ಲಿ ಪರದೆಯ ಮೇಲೆ ‘ನಿಂತಿದೆ’ ಎಂದು ಬಂತು, ಅಂದರೆ ಹರಡುವುದಿಲ್ಲ.

ಅದು 2054ರ ದಸರೆ ಮುಗಿದ ವಾರ. ಯಂತ್ರವನ್ನು ಕಂಡುಹಿಡಿದವಳು, ಹುಬ್ಬಳ್ಳಿಯ ಆ ಪ್ರಯೋಗಾಲಯದ ಮುಖ್ಯಸ್ಥೆ ಡಾ. ಶಾಂಭವಿ ಗಾಣಿಗೇರ. ವರದಿಯನ್ನು ಆಕೆಯೇ ಮೌನೇಶಪ್ಪನ ಕೈಗೆ ಕೊಟ್ಟಳು. ಆತ ಜೇಬಿನಿಂದ ಒಣಗಿದ ಬನ್ನಿ ಎಲೆ ತೆಗೆದು ಆಕೆಗೆ ಕೊಟ್ಟ.

“ಹಬ್ಬ ಮುಗದೈತಿ ಖರೆ, ಆದ್ರೂ ತಗೋರಿ ಅಕ್ಕಾರ. ಬಂಗಾರದಂಥಾ ಸುದ್ದಿ ಹೇಳಿದ್ರಿ.”

ಆಪರೇಷನ್ ಬೇಡ, ಔಷಧ ಬೇಡ. ಹಿಂದೆಲ್ಲ ಇಂಥವರನ್ನೂ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಕರೆಯುತ್ತಿದ್ದರು. ‘ಸುಳಿವು’ ಬಂದ ಮೇಲೆ ಅದನ್ನೂ ಬಿಟ್ಟಿದ್ದರು. ಬಿಡಬಹುದೆಂದು ಸರ್ಕಾರಕ್ಕೆ ಬರೆದುಕೊಟ್ಟವಳು ಶಾಂಭವಿಯೇ.

ಮೂರು ವರ್ಷದ ಬಳಿಕ ಮೌನೇಶಪ್ಪ ಬೆನ್ನುನೋವೆಂದು ಬಂದ. ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ನಾಲ್ಕು ಕಡೆ ಕ್ಯಾನ್ಸರ್ ಕಂಡಿತು.

ಶಾಂಭವಿ ಹಳೆಯ ಗಾಜಿನ ಪಟ್ಟಿಯನ್ನು ಹುಡುಕಿಸಿ, ಸೂಕ್ಷ್ಮದರ್ಶಕದಲ್ಲಿ ಸ್ವಂತ ಕಣ್ಣಿಂದ ನೋಡಿದಳು. ಯಂತ್ರ ಬಂದಮೇಲೆ ಯಾರೂ ಆ ಉಸಾಬರಿಗೆ ಹೋಗುತ್ತಿರಲಿಲ್ಲ. ಕ್ಯಾನ್ಸರಿನ ಕೋಶಗಳು ಪೇಲವವಾಗಿದ್ದವು, ಸರಿ. ಆದರೆ ಪಕ್ಕದ ಆರೋಗ್ಯವಂತ ಕೋಶಗಳೂ ಪೇಲವವಾಗಿದ್ದವು. ಅವು ಯಾರಲ್ಲೇ ಆದರೂ ಸ್ವಲ್ಪವಾದರೂ ಬಣ್ಣ ಹಿಡಿಯಲೇಬೇಕು. ಕ್ಯಾನ್ಸರ್ ಸುಮ್ಮನಿರಲಿಲ್ಲ, ಚೂರೇ ಕೆಟ್ಟಿತ್ತು.

ಅದಕ್ಕೆ ಕಾರಣ ಆಕೆಗೆ ಗೊತ್ತಿತ್ತು. ದೇಹದಿಂದ ತೆಗೆದ ಚೂರು ಕೊಳೆಯದಿರಲೆಂದು ಫಾರ್ಮಾಲಿನ್ ತುಂಬಿದ ಸೀಸೆಯಲ್ಲಿ ಇಡುತ್ತಾರೆ. ಒಂದು ದಿನವಾದರೆ ಒಳ್ಳೆಯದು. ದಿನಗಟ್ಟಲೆ ಬಿಟ್ಟರೆ ಈ ಪ್ರೋಟೀನುಗಳು ಬಣ್ಣಕ್ಕೆ ಸಿಗದಂತೆ ಮುಚ್ಚಿಹೋಗುತ್ತವೆ. ರಿಜಿಸ್ಟರು ತೆಗೆದಳು. ಮಂಗಳವಾರ ಸಂಜೆ ಬಂದ ಸೀಸೆಯನ್ನು ತೆರೆದದ್ದು ಮುಂದಿನ ಸೋಮವಾರ.

“ಯಮನೂರ, ಇದು ಯಾಕ ಇಷ್ಟ ದಿನಾ ಹಂಗ ಕುಂತಿತ್ತು?”

“ಖಂಡೇಪೂಜಿ ಇತ್ತಲ್ರೀ ಮೇಡಮ್. ಬುಧವಾರ ಎಲ್ಲಾ ತೊಳದ್ವಿ, ಗುರುವಾರ ಪೂಜಿ, ಶುಕ್ರವಾರ ಬನ್ನಿ, ಆಮ್ಯಾಲ ಎರಡನೇ ಶನಿವಾರ, ರವಿವಾರ. ಕತ್ತರಸೋ ಮಷೀನಿಗೆ ಕುಂಕುಮಾ ಹಚ್ಚಿ, ಅಲಗು ಯಾರೂ ಮುಟ್ಟಬ್ಯಾಡ್ರಿ ಅಂದಾವ್ರು ನೀವ ಅಲ್ರಿ?”

ಹೌದು, ಆಕೆಯೇ. ಆ ವಾರ ಹಾಗೆಯೇ ಕೂತಿದ್ದ ಇನ್ನೂ ಹನ್ನೊಂದು ಸೀಸೆಗಳಿದ್ದವು. ಆ ರೋಗಿಗಳನ್ನೆಲ್ಲ ಇಂದೇ ಫೋನು ಮಾಡಿ ಕರೆಸಲು ಹೇಳಿ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಯುಧಪೂಜೆಯ ತಪ್ಪಾದರೂ ಮರೆವಿನದು. ಅದಕ್ಕಿಂತ ಹಳೆಯ ತಪ್ಪೊಂದು ಈ ಕೋಣೆಯ ಕಪಾಟಿನಲ್ಲಿತ್ತು. ಯಂತ್ರಕ್ಕೆ ಪಾಠ ಕಲಿಸುವಾಗ ಆಕೆ ಹತ್ತಿಪ್ಪತ್ತು ವರ್ಷ ಹಿಂದಿನ ರೋಗಿಗಳ ಚೂರುಗಳನ್ನು ಬಳಸಿದ್ದಳು. ಮೇಣದಲ್ಲಿ ಹುದುಗಿಸಿಟ್ಟ ಅಂಥ ಹಳೆಯ ಚೂರುಗಳೇ ಬೇಕು, ಏಕೆಂದರೆ ಯಾರಿಗೆ ಹರಡಿತು ಯಾರಿಗೆ ಇಲ್ಲ ಎಂಬುದು ಅಷ್ಟು ಹೊತ್ತಿಗೆ ತಿಳಿದಿರುತ್ತದೆ. ಅವುಗಳಲ್ಲಿ ಇನ್ನೂರ ಹದಿನಾಲ್ಕು ಬಣ್ಣ ಹಿಡಿಯದೆ ಫಲಿತಾಂಶ ಕೆಡಿಸುತ್ತಿದ್ದವು. ಅವನ್ನು ಹೊರಗಿಟ್ಟ ದಿನ ಯಂತ್ರ ನೂರಕ್ಕೆ ತೊಂಬತ್ತಾರು ಸಲ ಸರಿಯುತ್ತರ ಕೊಟ್ಟಿತು. ಆ ಸಂಜೆ ಎಲ್ಲರಿಗೂ ಪೇಢೆ ಹಂಚಿದ್ದಳು. ಕೆಟ್ಟ ಚೂರನ್ನೇ ಕಾಣದ ಯಂತ್ರ ‘ಗೊತ್ತಿಲ್ಲ’ ಎನ್ನುವುದನ್ನು ಕಲಿಯಲೇ ಇಲ್ಲ.

ಈಗ ಅವುಗಳ ತಾರೀಕು ನೋಡಿದಳು. ಮುಕ್ಕಾಲು ಪಾಲು ದಸರೆ, ದೀಪಾವಳಿಯ ವಾರಗಳವು. ಆಗಲೇ ಒಂದು ಸಲ ಅದನ್ನು ನೋಡಿದ್ದರೆ ಸಾಕಿತ್ತು.

ಮರುದಿನ ಗದುಗಿಗೆ ಹೋದಳು. ಮೌನೇಶಪ್ಪನಿಗೆ ಔಷಧ ಶುರುವಾಗಿತ್ತು. ಕೆಲವು ವರ್ಷ ಸಿಗಬಹುದಿತ್ತು, ಪೂರ್ತಿ ಗುಣವಾಗುವ ಕಾಲ ಮೀರಿತ್ತು. ಆತ ಅಂಗಡಿಯಲ್ಲಿ ಬಾಗಿಲ ಚೌಕಟ್ಟಿನ ಪಕ್ಕ ಕೂತಿದ್ದ. ಶಾಂಭವಿ ಏನೂ ಮುಚ್ಚಿಡದೆ ಹೇಳಿದಳು: ಸೀಸೆ, ಪೂಜೆ, ಕಪಾಟಿನ ಚೂರುಗಳು.

“ತಪ್ಪು ನಂದ ಕಾಕಾರ. ಯಂತ್ರದ್ದಲ್ಲ.”

ಆತ ಪಕ್ಕದಲ್ಲಿದ್ದ ಉಳಿಯನ್ನು ಎತ್ತಿ ನೋಡಿದ. ಆಮೇಲೆ, “ಖಂಡೇಪೂಜಿ ದಿನಾ ನಾನೂ ಉಳಿ ಮುಟ್ಟಂಗಿಲ್ರಿ,” ಎಂದ. “ಆದ್ರ ನನ್ನ ಕಟಗಿ ಒಂದ ವಾರ ಕಾಯ್ತೈತಿ.”

ಬೈದಿದ್ದರೆ ಆಕೆ ಹೇಗೋ ತಡೆದುಕೊಳ್ಳುತ್ತಿದ್ದಳು.

“ಆ ಹೊರಗಿಟ್ಟವು ಎಷ್ಟ ಅಂದ್ರಿ?”

“ಇನ್ನೂರಾ ಹದಿನಾಕ.”

“ನಂದೂ ಅದರಾಗ ಇಡ್ರಿ, ಹದಿನೈದ ಆಗ್ಲಿ. ಈ ಸಲಾ ಅವನೆಲ್ಲಾ ಮಷೀನಿಗೆ ತೋರಸ್ರಿ.”

ತೋರಿಸಿದಳು. ವರ್ಷ ಹಿಡಿಯಿತು. ಯಂತ್ರ ‘ಹೇಳಲಾರೆ’ ಎಂಬ ಮೂರನೆಯ ಉತ್ತರ ಕಲಿತಾಗ ವೈದ್ಯರು ಗೊಣಗಿದರು. ಇದನ್ನು ಹೇಳಲು ಯಂತ್ರವೇ ಬೇಕೇ ಎಂದರು. ರಕ್ತಪರೀಕ್ಷೆ ಮತ್ತೆ ಬಂತು. ಆ ವರ್ಷದ ಖಂಡೇಪೂಜೆಯಂದು ಕುಂಕುಮ ಹಚ್ಚಿದ ಅಲಗಿನಿಂದಲೇ ಶಾಂಭವಿ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಆರು ಚೂರು ಕತ್ತರಿಸಿದಳು.

ಪಾಠ ಕಲಿಸಲು ಒಂದು ಮಾಹಿತಿ ಮಾತ್ರ ಕೊನೆಗೂ ಸಿಗಲಿಲ್ಲ: ಹೊರಗಿಟ್ಟ ಒಂದೊಂದು ಚೂರೂ ಎಷ್ಟು ಗಂಟೆ ಸೀಸೆಯಲ್ಲಿತ್ತು ಎಂಬುದು. ಅದಕ್ಕಾಗಿ, ಸೀಸೆಯ ಜೊತೆ ಆಸ್ಪತ್ರೆಯಿಂದ ಬಂದಿದ್ದ ಹಳೆಯ ಪರೀಕ್ಷಾ ಅರ್ಜಿಗಳನ್ನೆಲ್ಲ ತೆಗೆಸಿದ್ದಳು. ಎಲ್ಲಕ್ಕಿಂತ ಹಳೆಯದು 2026ರ ಅಕ್ಟೋಬರಿನದು. ಹೆಸರು, ವಯಸ್ಸು, ಊರು, ಕೆಳಗೆ ಅಚ್ಚಾದ ಒಂದು ಸಾಲು: ‘ಸೀಸೆಗೆ ಹಾಕಿದ ಹೊತ್ತು.’ ಮುಂದೆ ಖಾಲಿ. ಮುಂದಿನದೂ ಖಾಲಿ. ಇನ್ನೂರ ಹದಿನಾಲ್ಕೂ ಖಾಲಿ.

ಇನ್ನೂರ ಹದಿನೈದನೆಯದು ಮೌನೇಶಪ್ಪನ ಅರ್ಜಿ. ಅದರಲ್ಲಿ ಆ ಸಾಲೇ ಇರಲಿಲ್ಲ. ಹೇಗೂ ಯಾರೂ ತುಂಬುವುದಿಲ್ಲವೆಂದು ಹೊಸ ಅರ್ಜಿ ಮಾಡಿಸುವಾಗ ಶಾಂಭವಿಯೇ ಅದನ್ನು ತೆಗೆಸಿದ್ದಳು.