ಅಲುಗಾಡದ ಸೈನಿಕರು

ಜವಳಿ ಅಂಗಡಿಯವನು ಮೀಸೆ ಕಪ್ಪಗಿದ್ದ ಕಾಲದಿಂದಲೂ ಆ ನಾಟಕ ತಂಡದ ರಾಜ. ಸಿಂಹಾಸನವಿಲ್ಲದ ನಾಟಕವನ್ನು ಅವನು ನಾಟಕವೆಂದೇ ಒಪ್ಪುತ್ತಿರಲಿಲ್ಲ. ಈಗ ನೋಡಿದರೆ, ಮೊನ್ನೆ ಮೊನ್ನೆ ಸೇರಿದ ದನಗಳ ಡಾಕ್ಟರನೇ ಮುಂದಿನ ರಾಜನಾಗಲಿ ಎಂದು ಹೊಸಬರೆಲ್ಲ ಗುಸುಗುಸು ಶುರುಮಾಡಿದ್ದರು.

ತಂಡದ ನಿಯಮ ಸರಳ. ಹಿಂದಿನ ನಾಟಕದಲ್ಲಿ ದುಡಿದವರಿಗೆಲ್ಲ ಒಂದೊಂದು ಮತ. ಜವಳಿಯವನ ಜೊತೆ ಕತ್ತಿ ಹಿಡಿದು ಶುರುಮಾಡಿದವರಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ಲೋಕವನ್ನೇ ಬಿಟ್ಟಿದ್ದರು. ಅವರ ಜಾಗಕ್ಕೆ ಹೊಸಬರು ಬರುತ್ತಲೇ ಇದ್ದರು.

“ನಿನ್ನೆ ಬಂದವನಿಗೂ ಒಂದು ಮತ, ನನಗೂ ಒಂದು ಮತ. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ” ಎಂದು ಹೆಂಡತಿಯ ಮುಂದೆ ಹಲುಬಿದ. ತಂಡದವರಿಗೆ ಬಣ್ಣ ಹಚ್ಚುವ ಅವಳು ಬ್ರಷ್ ತೊಳೆಯುತ್ತ, “ಹೂಂ” ಎಂದಳು. ಅವನಿಗೆ ಅಷ್ಟೇ ಸಾಕಾಗಿತ್ತು.

ನಿಯಮವನ್ನೇ ಬದಲಿಸಬೇಕು ಎಂದು ನಿಶ್ಚಯಿಸಿದ. ತಂಡದಲ್ಲಿ ಎಷ್ಟು ವರ್ಷವೋ ಅಷ್ಟು ಮತ. ಒಮ್ಮೆ ಹೀಗಾದರೆ ಅವನ ಒಂದು ಕೈ ಹೊಸಬರ ಅಷ್ಟೂ ಕೈಗಳಿಗಿಂತ ಭಾರವಾಗುತ್ತಿತ್ತು. ಸಾಯುವ ತನಕ ಕಿರೀಟಕ್ಕೆ ಚಿಂತೆಯಿಲ್ಲ. ಆದರೆ ನಿಯಮ ಬದಲಾಗಲು ಹಳೆಯ ಪದ್ಧತಿಯಲ್ಲೇ ಬಹುಮತ ಬೇಕು. ಅದಕ್ಕೆ ಬೇಕಾದ ಕೈಗಳು ಅವನ ಬಳಿ ಇರಲಿಲ್ಲ. ಇದ್ದದ್ದು ಗೊಂಬೆಗಳು.

ಅಂಗಡಿಯಲ್ಲಿ ಕೋಟು ತೊಡಿಸಿ ನಿಲ್ಲಿಸುವ ಆ ಗೊಂಬೆಗಳಿಗೆ ಕವಚ ಹಾಕಿ, ಮುಖ ಮುಚ್ಚುವ ಶಿರಸ್ತ್ರಾಣ ತೊಡಿಸಿ, ಆ ಸಲದ ನಾಟಕದ ಕೋಟೆ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದ. ಮಂದ ಬೆಳಕಿನಲ್ಲಿ ಅವು ಸೈನಿಕರೇ. ಕೇಳಿದವರಿಗೆ, “ನಮ್ಮ ಸಂಬಂಧಿಕರು, ನಾಚಿಕೆ ಸ್ವಭಾವ, ಮಾತಾಡಿಸಬೇಡಿ” ಎಂದ. ನಾಟಕ ಮುಗಿದ ಮೇಲೆ ತಾನೇ ಅವನ್ನು ವ್ಯಾನಿಗೆ ಹೊತ್ತುಹಾಕಿ, ಸೊಂಟ ಹಿಡಿದುಕೊಂಡು ಮನೆಗೆ ಬಂದ. ಇಷ್ಟು ಅಚ್ಚುಕಟ್ಟಾದ ಮೋಸ ಇನ್ನೊಬ್ಬರಿಂದ ಸಾಧ್ಯವೇ ಎಂದು ಕನ್ನಡಿಯನ್ನೇ ಕೇಳಿದ. ಕನ್ನಡಿ ಎದುರು ಮಾತಾಡುವ ಪೈಕಿಯಲ್ಲ.

ಸಭೆಯ ದಿನ ಗೊಂಬೆಗಳ ಬದಲಿಗೆ ಭಾವಮೈದ, ಷಡ್ಡಕ, ಷಡ್ಡಕನ ಅಣ್ಣತಮ್ಮಂದಿರು ತಾಲೀಮು ಕೋಣೆಗೆ ಬಂದು ಕೂತರು. ಅಧ್ಯಕ್ಷತೆಗೆಂದು ಹೊರಗಿನಿಂದ ಕರೆಸಿದ್ದ ನಿವೃತ್ತ ಟೀಚರಮ್ಮ ಕನ್ನಡಕ ಏರಿಸಿ ಕೇಳಿದರು, “ನೀವು ಯಾವ ಪಾತ್ರ?”

“ಎಡಗಡೆಯಿಂದ ಎರಡನೇ ಸೈನಿಕ” ಎಂದ ಭಾವಮೈದ.

ದನಗಳ ಡಾಕ್ಟರ್ ಎದ್ದು ಬಂದು ಅವನ ಕೈ ಕುಲುಕಿದ. “ಏನು ಶಿಸ್ತು ಸಾರ್ ನಿಮ್ದು. ಯುದ್ಧ ನಡೀತಿದ್ರೂ ಒಂದು ಸಲ ಕೆಮ್ಮಲಿಲ್ಲ.”

ಜವಳಿಯವನು ನಗು ತಡೆಯಲು ಕರವಸ್ತ್ರ ಕಚ್ಚಿಕೊಂಡ. ಹೆಂಡತಿ ತಮ್ಮನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಸುಮ್ಮನಾದಳು. ಪತಿಭಕ್ತಿ ಅಂದರೆ ಇದು ಎಂದುಕೊಂಡ.

ಕೈಗಳು ಎದ್ದವು. ಹೊಸಬರ ಗೊಣಗಾಟದ ನಡುವೆ ನಿಯಮ ಪಾಸಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸಂಬಂಧಿಕರನ್ನೆಲ್ಲ ಕೂಡಲೇ ಮನೆಗೆ ಅಟ್ಟಿದ. ಇನ್ನು ಅವರ ಚಿಲ್ಲರೆ ಮತ ಯಾರಿಗೆ ಬೇಕು? ಅವನೊಬ್ಬನೇ ಸಾಕು.

ರಾಜನ ಆಯ್ಕೆ ಶುರುವಾಯಿತು. ಡಾಕ್ಟರನ ಪರ ಹೊಸಬರ ಕೈಗಳೆಲ್ಲ ಎದ್ದವು. ಎಷ್ಟೇ ಎದ್ದರೂ ಎಲ್ಲ ಒಂದೊಂದು ವರ್ಷದ ಎಳೆ ಕೈಗಳು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು, ಸೋತ ಡಾಕ್ಟರನಿಗೆ ಯಾವ ಪಾತ್ರ ಕೊಡಬಹುದೆಂದು ಉದಾರವಾಗಿ ಯೋಚಿಸತೊಡಗಿದ. ಮಂತ್ರಿ ಬೇಡ. ದ್ವಾರಪಾಲಕ ಆಗಬಹುದು.

ಆಗ ಹಿಂದಿನ ಸಾಲಿನಲ್ಲಿ, ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಉಳಿದಿದ್ದ ಇನ್ನೊಂದು ಕೈ ಎದ್ದಿತು.

“ಲೇ, ಈಗಲ್ಲ. ಇದು ಅವನ ಸರದಿ” ಎಂದು ಪಿಸುಗುಟ್ಟಿದ.

“ಗೊತ್ತು” ಎಂದಳು ಹೆಂಡತಿ. “ಮನೇಲೂ ರಾಜನ ಗಂಟಲಲ್ಲೇ ಉಪ್ಪು ಕೇಳ್ತೀರಿ. ನನಗೆ ಸಾಕಾಗಿದೆ.”

ಅವನು ಧೈರ್ಯ ಬಿಡಲಿಲ್ಲ. ಹೆಂಡತಿಯ ಮತವನ್ನು ಅವನು ಎಂದೂ ಬೇರೆಯಾಗಿ ಎಣಿಸಿದವನಲ್ಲ. ಎಣಿಸಿದರೂ ತನ್ನದಕ್ಕಿಂತ ಹೆಚ್ಚಿರುವುದು ಹೇಗೆ? ತಂಡಕ್ಕೆ ತನಗಿಂತ ಹಳಬರು ಯಾರೂ ಉಳಿದಿಲ್ಲವಲ್ಲ. “ನೀವು ಸೇರಿ ಎಷ್ಟು ವರ್ಷ ಆಯ್ತಮ್ಮ?” ಎಂದು ಟೀಚರಮ್ಮ ಕೇಳಿದರು. “ಇವರಿಗಿಂತ ಒಂದು ವರ್ಷ ಜಾಸ್ತಿ” ಎಂದಳು ಅವಳು. ಸುಳ್ಳು ಎಂದು ಕೂಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಕತ್ತಿ, ಕಿರೀಟ, ನಾಟಕ ಯಾವುದರ ಗಂಧಗಾಳಿಯೂ ಇಲ್ಲದಿದ್ದ ಅವನು ಆ ಕಾಲದಲ್ಲಿ ತಂಡ ಸೇರಿದ್ದೇ, ಅಲ್ಲಿ ಆಗಲೇ ಬಣ್ಣ ಹಚ್ಚುತ್ತಿದ್ದ ಹುಡುಗಿಯೊಬ್ಬಳ ಮುಂದೆ ಮುಖ ಒಡ್ಡಿ ಕೂರಬೇಕೆಂಬ ಆಸೆಗೆ.