ನಾಲ್ಕು ಮೊಳದ ಕೋಣೆಗೊಂದು ದೋಣಿ

ಹಿಂದೆ, ಮೀನುಗಳಿಗೂ ರಾಜನ ಹೆಸರು ಗೊತ್ತಿದ್ದ ಕಾಲದಲ್ಲಿ, ಗೂಡುಗಿರಿ ಎಂಬ ರಾಜ್ಯದ ಕೇದಗಿ ಎಂಬವಳು ದಾರಿ ತಪ್ಪಿ ನಿಂತಿದ್ದಳು. ಎದುರಿಗೆ ಮೂರು ದಾರಿ. ಮೂರನ್ನೂ ನಡೆದು ನೋಡಿಯಾಗಿತ್ತು. ಮೂರೂ ತಿರುಗಿ ಅದೇ ಮರದ ಬುಡಕ್ಕೆ ಬಂದು ಸೇರಿದ್ದವು. ಮರದ ಕೆಳಗೊಂದು ಆಮೆ ಕೂತಿತ್ತು.

“ಅಜ್ಜಾ, ದೋಣಿ ಮಾಡುವವರ ಕೇರಿಗೆ ಯಾವ ಕಡೆ?”

ಆಮೆ ಕತ್ತು ಹೊರಹಾಕಿ ಅವಳನ್ನು ಮೇಲಿಂದ ಕೆಳಗೆ ನೋಡಿತು. “ನಿನ್ನ ಕೋಣೆ ಎಷ್ಟು ಉದ್ದ?”

“ನಾನು ಕೇಳಿದ್ದು ದಾರಿ.”

“ಗೂಡುಗಿರಿಯವಳು ತಾನೇ? ದೋಣಿ ತಂದು ಇಡುವುದೆಲ್ಲಿ, ತಲೆಯ ಮೇಲಾ?”

“ಉದ್ದ ನಾಲ್ಕು ಮೊಳ, ಅಗಲ ಮೂರು. ಒಲೆಯೂ ಅದರಲ್ಲೇ.”

“ಅಯ್ಯೋ ಮಗಳೇ, ನನ್ನ ಚಿಪ್ಪೇ ವಾಸಿ,” ಎಂದಿತು ಆಮೆ. ಆಮೇಲೆ ಕನಿಕರವಾಗಿ, “ಈ ದಾರಿಗಳನ್ನು ನೋಡುತ್ತ ನಡೆದರೆ ಇಲ್ಲಿಗೇ ಬರುತ್ತೀ. ಬೆನ್ನು ಹಾಕಿ ನಡೆ,” ಎಂದಿತು.

ಕೇದಗಿ ಹಿಮ್ಮುಖವಾಗಿ ನಡೆದಳು. ಬಿಟ್ಟು ಬಂದ ಊರು ಕಣ್ಣೆದುರೇ ಚಿಕ್ಕದಾಗುತ್ತ ಹೋಯಿತು. ಅದು ಮೊದಲೇ ಚಿಕ್ಕ ಊರು.

ಗೂಡುಗಿರಿಯನ್ನು ಆಗ ಆಳುತ್ತಿದ್ದವನು ಗೇಣಾಸುರನೆಂಬ ಮಾಂತ್ರಿಕ. ರಾಜನನ್ನು ಅವನು ಗೋಡೆಯ ಗೂಡಿನಲ್ಲಿ ದೀಪದ ಹಾಗೆ ಇಟ್ಟುಬಿಟ್ಟಿದ್ದ. ಊರಿನ ಮನೆಗಳನ್ನೆಲ್ಲ ಹಿಂಡಿ, ಒಂದರ ಮೇಲೊಂದು ಪೇರಿಸಿ, ಸಂಸಾರಕ್ಕೊಂದು ಕೋಣೆ ಹಂಚಿದ್ದ. ಮೇಲೊಂದು ಮಾಟ ಕಟ್ಟಿದ್ದ: ಸೂರ್ಯ ಮುಳುಗುವಾಗ ಯಾರ ಮನೆಯ ಅಂಚು ದಾಟಿ ಏನೇ ಹೊರಗೆ ಚಾಚಿದ್ದರೂ ಅದು ಜೊಂಡುಹುಲ್ಲಾಗಿ, ಕೆರೆಯ ನಡುವಿನ ದ್ವೀಪದಲ್ಲಿ ನಾಟಿಕೊಳ್ಳಬೇಕು. ಕೊಡೆ ಚಾಚಿದರೆ ಕೊಡೆ, ಕಾಲು ಚಾಚಿದರೆ ಆ ಕಾಲಿನ ಒಡೆಯ.

ಕೇದಗಿಯ ತಮ್ಮ ಜಕ್ಕಣ್ಣ ಉದ್ದ ಬೆಳೆದ. ಅಷ್ಟೇ ಅವನು ಮಾಡಿದ ತಪ್ಪು. ಹಗಲೂ ಇರುಳೂ ಮೊಣಕಾಲನ್ನು ಎದೆಗೆ ಒತ್ತಿಕೊಂಡೇ ಇರುತ್ತಿದ್ದ. ಒಂದು ಸಂಜೆ, ಜ್ವರದ ಕಣ್ಣಿನಲ್ಲಿ, “ಒಂದೇ ಸಲ ಕಾಲು ಚಾಚಲೇನೇ ಅಕ್ಕಾ?” ಎಂದು ಕೇಳಿದ.

“ಸುಮ್ಮನೆ ಮುದುಡಿಕೊಂಡಿರೋ,” ಎಂದು ಅವಳು ಗಂಜಿ ಕಲಕಲು ತಿರುಗಿದಳು. ಮತ್ತೆ ಇತ್ತ ತಿರುಗುವಷ್ಟರಲ್ಲಿ ಚಾಪೆ ಬರಿದಾಗಿತ್ತು.

ದ್ವೀಪಕ್ಕೆ ಹೋಗಲು ದೋಣಿ ಬೇಕು. ದಂಡೆಯಲ್ಲಿ ಬಿಟ್ಟ ದೋಣಿಯನ್ನು ಗೇಣಾಸುರನ ಮೊಸಳೆಗಳು ಕಬ್ಬಿನಂತೆ ಜಗಿಯುತ್ತಿದ್ದವು. ಮನುಷ್ಯರನ್ನು ಅವು ಮೂಸಿಯೂ ನೋಡವು. ಅವಕ್ಕೆ ರುಚಿ ದೋಣಿಯದೇ. ಆದ್ದರಿಂದ ದೋಣಿ ಇಡುವುದಿದ್ದರೆ ಕೋಣೆಯಲ್ಲೇ ಇಡಬೇಕು.

ಕೇರಿಯ ಮೊದಲ ಅಂಗಡಿಯಲ್ಲಿ ಒಬ್ಬರೇ ಕೂರುವ ಮರದ ದೋಣಿ, ಈಟಿಯಂತೆ ಸಪೂರ. “ಗಾಳಿಗೆ ಜಗ್ಗದು, ಮೊಸಳೆಗೆ ಸಿಕ್ಕದು,” ಎಂದ ಬಡಗಿ. “ಕೋಣೆ ಎಷ್ಟು? ನಾಲ್ಕು ಮೊಳವಾ? ಓರೆಯಾಗಿಟ್ಟರೆ ಹಿಡಿಸುತ್ತೆ ಬಿಡಮ್ಮ.” ಕೇದಗಿ ತನ್ನ ಜಡೆ ಕತ್ತರಿಸಿ ಕೊಟ್ಟು ದೋಣಿ ಹೊತ್ತು ತಂದಳು.

ಓರೆಯಾಗಿಟ್ಟಳು. ನೆಟ್ಟಗೆ ನಿಲ್ಲಿಸಿದಳು. ಒಲೆಯ ಮೇಲಿಂದ ಹಾಯಿಸಿದಳು. ಪಕ್ಕದ ಮನೆಯ ದುಗ್ಗಮ್ಮ ಇಣುಕಿ, “ದೋಣಿಯನ್ನು ಒಳಗೆ ಮಲಗಿಸಿ ನೀನು ಬೇರೆ ಎಲ್ಲಾದರೂ ಬಿಡಾರ ನೋಡಿಕೋ,” ಎಂದಳು. ಸೂರ್ಯ ಮುಳುಗಿದಾಗ ದೋಣಿಯ ಮೂತಿ ಹೊಸ್ತಿಲಿನಾಚೆ ಒಂದು ಗೇಣು ಇಣುಕುತ್ತಿತ್ತು. ದೋಣಿ ಹೋಯಿತು. ಜಡೆಯೂ ಹೋಗಿತ್ತು.

ಎರಡನೆಯ ಅಂಗಡಿಯವನು ಗಾಳಿ ತುಂಬುವ ತೊಗಲು ದೋಣಿ ಹರವಿದ. “ಊದಿದರೆ ದೋಣಿ, ಮಡಚಿದರೆ ದಿಂಬು. ಕೋಣೆಯ ಮಾತೇ ಬೇಡ.” ಬೆಲೆಯಾಗಿ ಅವನು ಅವಳ ನಿದ್ದೆ ಕೇಳಿದ. ಕೊಟ್ಟಳು. ಹೀಗೆ ದಿಂಬು ಸಿಕ್ಕ ದಿನವೇ ನಿದ್ದೆ ಹೋಯಿತು.

ನೀರಿಗಿಳಿದರೆ ಗಾಳಿ ಆ ದೋಣಿಯನ್ನು ತರಗೆಲೆಯಂತೆ ಗಿರಗಿರ ತಿರುಗಿಸಿತು. ಅವಳು ಹುಟ್ಟು ಹಾಕಿದ್ದೊಂದು ಕಡೆ, ಅದು ಹೋದದ್ದೊಂದು ಕಡೆ. ಕೊನೆಗೆ ಮೊಸಳೆ ಒಂದು ಹಲ್ಲು ತಾಗಿಸಿತು, ದೋಣಿ ಬುಸ್ಸೆಂದಿತು. ಕೇದಗಿ ಈಜಿ ದಡ ಸೇರಿ, ಒದ್ದೆ ಸೀರೆಯಲ್ಲೇ ಬೆಳಗಿನವರೆಗೆ ಕೂತಿದ್ದಳು. ಮಲಗಿ ಮರೆಯೋಣವೆಂದರೆ ಅವಳಲ್ಲಿ ನಿದ್ದೆಯೂ ಉಳಿದಿರಲಿಲ್ಲ.

ಮೂರನೆಯ ಅಂಗಡಿ ಬೂದವ್ವ ಎಂಬ ಮುದುಕಿಯದು. ಅವಳು ಒಂದು ಕಟ್ಟು ಬಿಚ್ಚಿದಳು: ಬಿದಿರಿನ ಪಕ್ಕೆಲುಬುಗಳು, ಎಣ್ಣೆ ಕುಡಿಸಿದ ತೆಳುಬಟ್ಟೆ. “ಪ್ರತಿ ಸಲ ದಂಡೆಯಲ್ಲಿ ಜೋಡಿಸಬೇಕು, ಪ್ರತಿ ಸಲ ಬಿಚ್ಚಬೇಕು. ಬೆರಳು ಸುಲಿಯುತ್ತದೆ. ಆದರೆ ಮೂಲೆಯಲ್ಲಿ ಪೊರಕೆಯ ಪಕ್ಕ ನಿಲ್ಲುತ್ತದೆ. ಏನು ಕೊಡುತ್ತೀ?”

“ಜಡೆ ಕೊಟ್ಟಾಯಿತು, ನಿದ್ದೆ ಕೊಟ್ಟಾಯಿತು. ಇನ್ನೇನಿಲ್ಲ ಅಜ್ಜಿ.”

“ಹಾಗಾದರೆ ಸಾಲ. ಹುಡುಗಿಯಾಗಿದ್ದಾಗಿನಿಂದ ದೋಣಿ ಕಟ್ಟುತ್ತಿದ್ದೇನೆ, ಒಂದರಲ್ಲೂ ಕೂತಿಲ್ಲ. ಒಂದು ದಿನ ನನ್ನನ್ನು ನೀರಿನ ಮೇಲೆ ಸುತ್ತಾಡಿಸು.”

“ನಾನು ತಿರುಗಿ ಬಂದರೆ ತಾನೇ?”

“ಬಾರದವಳ ಬೆನ್ನು ಹತ್ತುವಷ್ಟು ಕೆಟ್ಟವಳಲ್ಲ ಕಣೇ ನಾನು.”

ಮರುದಿನ ಕೇದಗಿ ದಂಡೆಯಲ್ಲಿ ಎಲುಬಿಗೆ ಎಲುಬು ಕೂಡಿಸಿ, ಬಟ್ಟೆ ತೊಡಿಸಿ, ನೀರಿಗಿಳಿದಳು. ಮೊಸಳೆ ಬಂತು. ತೆಳುಬಟ್ಟೆಯೊಳಗಿನ ಪಕ್ಕೆಲುಬುಗಳನ್ನು ನೋಡಿ, ಇದನ್ನು ಯಾರೋ ಆಗಲೇ ತಿಂದು ಮುಗಿಸಿದ್ದಾರೆ ಅಂದುಕೊಂಡು ಮುಳುಗಿತು.

ದ್ವೀಪದ ತುಂಬ ಜೊಂಡು. ಒಂದರಂತೆ ಇನ್ನೊಂದು, ಎಲ್ಲವೂ ನೆಟ್ಟಗೆ. ಹೆಸರು ಹಿಡಿದು ಕೂಗಿದಳು. ಎಲ್ಲವೂ ಒಟ್ಟಿಗೆ ಸುಯ್ಯೆಂದವು. ಎಷ್ಟು ಜನರ ತಮ್ಮಂದಿರೋ. ಬಿಸಿಲು ಇಳಿಯುವ ಹೊತ್ತಿಗೆ, ನೀರಿನಂಚಿನಲ್ಲಿ, ನಡುವಿಗೆ ಮಡಚಿಕೊಂಡು ನಿಂತ ಒಂದೇ ಒಂದು ಜೊಂಡು ಕಂಡಿತು. ಇಷ್ಟು ದೊಡ್ಡ ಆಕಾಶದ ಕೆಳಗೂ ಅದು ಮುದುಡಿಯೇ ಇತ್ತು.

ಕೇದಗಿ ಅದರ ಬುಡದಲ್ಲಿ ಕುಸಿದು ಕೂತಳು. “ಚಾಚೋ ಜಕ್ಕಣ್ಣ,” ಎಂದಳು. “ಕಾಲು ಚಾಚು.”

ಜೊಂಡು ನಡುಗಿ, ನೆಟ್ಟಗಾಗಿ, ತಮ್ಮನಾಗಿ ನಿಂತಿತು.

ಅವನು ದೋಣಿಯನ್ನು ನೋಡಿದ. ಮೇಲೆ ಬಟ್ಟೆ ಮುಚ್ಚಿದ ದೋಣಿ; ಸೊಂಟ ತೂರಿಸಲು ಒಂದು ತೂತು, ಒಬ್ಬರ ಜಾಗ. “ಅಕ್ಕಾ, ಇದೂ ನಮ್ಮ ಕೋಣೆಯ ಹಾಗೇ ಇದೆಯಲ್ಲೇ.”

ಮೂರು ಅಂಗಡಿಗಳಲ್ಲೂ ಮಾತು ಬಂದದ್ದು ಕೋಣೆಗೆ ಹಿಡಿಸುವುದರದ್ದೇ. ತಮ್ಮನ ಅಳತೆಯನ್ನು ಯಾರೂ ಕೇಳಲಿಲ್ಲ, ಅವಳಿಗೂ ಹೇಳಬೇಕೆಂದು ತೋಚಲಿಲ್ಲ. ಗೇಣು ಲೆಕ್ಕದಲ್ಲೇ ಬದುಕಿ ಬದುಕಿ ತಲೆಯೂ ಅಷ್ಟೇ ಆಗಿಹೋಗಿತ್ತು.

“ನೀನು ಹೋಗೇ,” ಎಂದ ಜಕ್ಕಣ್ಣ. “ಇಲ್ಲಿ ನಿಂತು ನನಗೆ ಅಭ್ಯಾಸವಾಗಿದೆ.”

ಆ ಮಾತಿಗೆ ಅವಳು ದೋಣಿಯ ಮೇಲುಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ತುದಿಯಿಂದ ತುದಿಗೆ ಹರಿದಳು. ಪಕ್ಕೆಲುಬುಗಳನ್ನು ಬಗ್ಗಿಸಿ ಅಗಲಿಸಿದಳು. ಕೆಲವು ಮುರಿದವು. ಇನ್ನು ಅದು ಮಡಚದು, ಕೋಣೆಗೆ ಹೋಗದು. “ಮಲಗು. ಉದ್ದಕ್ಕೆ ಮಲಗು.” ಅವನು ಮಲಗಿದ. ಅವಳು ಅವನ ತಲೆಯ ಬಳಿ ಕೂತು ಹುಟ್ಟು ಹಾಕಿದಳು. ನೀರು ಒಳಗೆ ಜಿನುಗುತ್ತಿತ್ತು.

ಕೆರೆಯ ನಡುವೆ ಗೇಣಾಸುರ ಎದುರಾದ. ಅಳತೆಗೋಲು ಊರಿಕೊಂಡು ನೀರಿನ ಮೇಲೆ ನಡೆದು ಬಂದಿದ್ದ. “ಸೂರ್ಯ ಮುಳುಗುತ್ತಿದ್ದಾನೆ. ನಿನ್ನ ಮನೆ ಎಲ್ಲೇ?”

ಕೇದಗಿಗೆ ಹೆದರಲಿಕ್ಕೂ ಶಕ್ತಿ ಇರಲಿಲ್ಲ. “ಇದೇ. ಬಿಟ್ಟು ಬಂದ ಕೋಣೆಗೆ ಇನ್ನು ಹೋಗುವವಳಲ್ಲ.”

“ಇದು ಮನೆಯೋ? ಎಷ್ಟು ಮೊಳ?”

“ನನಗೆ ಗೊತ್ತಿಲ್ಲ. ಬೇಕಿದ್ದರೆ ಅಳೆದುಕೋ.”

ಗೊತ್ತಿಲ್ಲ ಎಂಬ ಮಾತನ್ನು ಗೇಣಾಸುರ ಯಾರ ಬಾಯಲ್ಲೂ ಕೇಳಿದವನಲ್ಲ. ಅದು ಅವನಿಗೆ ತುರಿಕೆಯಂತೆ ಹತ್ತಿತು. ಒಂದು ಕಾಲನ್ನು ದೋಣಿಯೊಳಗಿಟ್ಟು, ಬಗ್ಗಿ, ಕೋಲು ಹಿಡಿದು ಅಳೆಯತೊಡಗಿದ. ಇನ್ನೊಂದು ಕಾಲು ಅಂಚಿನಾಚೆ, ನೀರಿನ ಮೇಲೆ ಉಳಿದಿತ್ತು. ಜಕ್ಕಣ್ಣನ ಹೆಬ್ಬೆರಳ ಹತ್ತಿರ ಅವನು ತಲುಪುವಷ್ಟರಲ್ಲಿ ಸೂರ್ಯ ಮುಳುಗಿದ. ಅವನದೇ ಮಾಟ ಅವನನ್ನು ಹಿಡಿಯಿತು. ದೋಣಿಯಲ್ಲಿ ಉಳಿದದ್ದು ಅಳತೆಗೋಲು ಮಾತ್ರ. ಅದರಿಂದಲೂ ಅವಳು ಹುಟ್ಟು ಹಾಕಿದಳು.

ದ್ವೀಪದ ಜೊಂಡುಗಳೆಲ್ಲ ಮನುಷ್ಯರಾಗಿ ಮೈ ಮುರಿದು ನಿಂತವು, ಒಂದನ್ನು ಬಿಟ್ಟು. ರಾಜ ಗೂಡಿನಿಂದ ಇಳಿದು ಮೈಯ ಮಸಿ ಒರೆಸಿಕೊಂಡ. ಮನೆಗಳು ಒಂದೊಂದಾಗಿ ಕೆಳಗಿಳಿದು ತಮ್ಮ ತಮ್ಮ ನೆಲದಲ್ಲಿ ಕೂತವು. ಅಂದಿನಿಂದ ಗೂಡುಗಿರಿಯ ಜನ ಅಂಗಳಕ್ಕೆ ಕಾಲು ಚಾಚಿ, ಗೊರಕೆ ಹೊಡೆದು, ಸುಖವಾಗಿ ಮಲಗಿದರು.

ಜಕ್ಕಣ್ಣ ಹರಿದ ದೋಣಿಗೆ ತೇಪೆ ಹಾಕಿಕೊಟ್ಟ. ಕೇದಗಿ ಅದನ್ನು ತಲೆಯ ಮೇಲೆ ಹೊತ್ತು, ದಾರಿಗೆ ಬೆನ್ನು ಹಾಕಿ ನಡೆದು, ಬೂದವ್ವನ ಅಂಗಡಿಯ ಮುಂದೆ ನಿಂತಳು.

“ಏನೇ ಇದು, ನನ್ನ ದೋಣಿಯನ್ನು ಹರಿಗೋಲು ಮಾಡಿಟ್ಟಿದ್ದೀ!”

“ಬಾ ಅಜ್ಜಿ. ಸಾಲ ತೀರಿಸಬೇಕು.”

ಕೆರೆಗಿಳಿಸಿದ ದೋಣಿಯಲ್ಲಿ ಬೂದವ್ವ ಎರಡು ಅಂಚನ್ನೂ ಗಟ್ಟಿಯಾಗಿ ಹಿಡಿದು ಕೂತಳು. “ಇಷ್ಟು ಅಲುಗುತ್ತದೆಂದು ಒಬ್ಬರೂ ಹೇಳಲಿಲ್ಲವಲ್ಲೇ ನನಗೆ,” ಎಂದು ಬೈಯುತ್ತಲೇ ಇದ್ದಳು. ನಡುಗೆರೆ ತಲುಪಿದಾಗ ಬೈಗುಳ ನಿಂತಿತು. ಮುದುಕಿ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದನ್ನೂ ಬಿಟ್ಟು, ಎರಡನ್ನೂ ನೀರಿನಲ್ಲಿ ಅದ್ದಿದಳು.